ಅಟಲಾಂಟಾಳ ಮುಖ

ಒದ್ದೆ ಕಾಗದವನ್ನು ತಾಮ್ರದ ತಗಡಿನಿಂದ ಮೆಲ್ಲಗೆ ಎಬ್ಬಿಸಿದೆ. ಅಚ್ಚಿನಲ್ಲಿ ಹಿಪ್ಪೊಮೆನೆಸ್ ಚಿನ್ನದ ಸೇಬನ್ನು ಎಡಗೈಯಲ್ಲಿ ಎಸೆಯುತ್ತಿದ್ದ.

ಬಲಗೈಯಾಗಬೇಕಿತ್ತು. ತಗಡಿನ ಮೇಲೆ ಬಲಗೈ ಕೊರೆದರೆ ಕಾಗದದ ಮೇಲೆ ಎಡಗೈ ಮೂಡುತ್ತದೆ. ಅದಕ್ಕೇ ನಾವು ಆಂಟ್‌ವರ್ಪಿನ ಅಚ್ಚುಗಾರರು ಮೂಲಚಿತ್ರವನ್ನು ಕನ್ನಡಿಯಲ್ಲಿ ನೋಡಿಕೊಂಡು ಕೊರೆಯುವುದು. ನಾನು ಕನ್ನಡಿಯತ್ತ ನೋಡದೇ ಹೋದದ್ದು ಅಜ್ಜಿಯ ಕಥೆಯ ಗುಂಗಿನಲ್ಲಿ. ಗ್ರೀಕರ ಕಥೆಯ, ಓಟದಲ್ಲಿ ಯಾರಿಗೂ ಸೋಲದ ಅಟಲಾಂಟಾ, ತನ್ನನ್ನು ಓಟದಲ್ಲಿ ಗೆದ್ದು ಮದುವೆಯಾಗಬಂದ ಹಿಪ್ಪೊಮೆನೆಸ್ ಎಸೆದ ಸೇಬಿನ ಆಸೆಗೆ ನಿಂತುಬಿಟ್ಟಳೆಂದು ಎಲ್ಲರೂ ಹೇಳುತ್ತಾರೆ. ಅಜ್ಜಿ ಮಾತ್ರ, "ಸುಳ್ಳು ಕಣೇ. ಓಡಿ ಓಡಿ ಬೇಜಾರಾಗಿತ್ತು ಅವಳಿಗೆ. ನಿಲ್ಲೋಕೊಂದು ನೆಪ ಬೇಕಿತ್ತು" ಎನ್ನುತ್ತಿದ್ದಳು. ಆ ಬೇಜಾರನ್ನು ಅವಳ ಹಿಂತಿರುಗಿದ ಮುಖದಲ್ಲಿ ಕೂರಿಸಲು ನನಗೆ ಹನ್ನೊಂದು ದಿನ ಹಿಡಿದಿತ್ತು.

ಈ ತಗಡು ಚಿತ್ರವ್ಯಾಪಾರಿ ವೌಟರ್‌ಗೆ ಒಪ್ಪಿಗೆಯಾದರೆ ಉಳಿ ನನ್ನ ಕೈಯಲ್ಲೇ ಉಳಿಯುತ್ತದೆ. ಇಲ್ಲದಿದ್ದರೆ ಈಸ್ಟರ್ ಕಳೆದ ಮೇಲೆ ಮೆಕೆಲೆನ್‌ನ ಸೋದರತ್ತೆಯ ಮನೆಗೆ, ಲೇಸ್ ಹೆಣೆಯಲು. ಅಪ್ಪ ಅವಳಿಗೆ ಕಾಗದ ಬರೆದೂ ಆಗಿತ್ತು. ಕಿಟಕಿಗೂ ಮೇಜಿಗೂ ಎಷ್ಟು ಸಲ ನಡೆದೆನೋ, ಕೂರಲಾಗಲಿಲ್ಲ.

ವೌಟರ್ ಬಂದವನೇ ಕಾಗದವನ್ನು ಬೆಳಕಿಗೆ ಹಿಡಿದು ಗಹಗಹಿಸಿದ. "ಏನಯ್ಯಾ ಯೋರಿಸ್, ನಿನ್ನ ಮಗಳ ವೀರ ಎಡಚ! ಇದನ್ನ ಅಂಗಡೀಲಿ ನೇತುಹಾಕಿದ್ರೆ ನನ್ನ ಗತಿ?"

"ಕನ್ನಡಿ ಎಲ್ಲಿತ್ತೇ ಅಲೇಡಿಸ್?" ಅಪ್ಪ ನನ್ನತ್ತ ತಿರುಗದೆ ಕೇಳಿದ.

"ಗೋಡೆ ಮೇಲೇ ಇತ್ತು. ನಾನೇ ನೋಡ್ಲಿಲ್ಲ."

"ಬಿಡಮ್ಮ, ಲೇಸ್ ಹೆಣಿಯೋಕೆ ಕನ್ನಡಿ ಬೇಡ" ಎಂದ ವೌಟರ್. ಆಮೇಲೆ ಚಿತ್ರವನ್ನು ಇನ್ನೊಮ್ಮೆ ನೋಡಿ, "ಬಲಗೈಲಿ ಎಸೀಲಿ, ತಗೋತೀನಿ. ಎಂಟು ದಿನ ಟೈಮು" ಎಂದು ಹೊರಟ.

ಬಲಗೈ ಎತ್ತಿಸಿದರೆ ತೋಳು ನೇರ ಅಟಲಾಂಟಾಳ ಮುಖದ ಮೇಲೆಯೇ ಹಾಯುತ್ತಿತ್ತು.

ಅಪ್ಪ ಕೆರೆಯುವ ಚೂರಿ ತೆಗೆದುಕೊಂಡ. "ನಾನು ಕೆರೀತೀನಿ. ನೀನು ಸ್ವಲ್ಪ ಹೊರಗಿರು ಪುಟ್ಟಾ."

"ನೀನು ಕೆರೆದ್ರೆ ಅದು ನಿನ್ನ ತಗಡಾಗತ್ತೆ ಅಪ್ಪಾ. ಕೊಡಿಲ್ಲಿ."

ಕಣ್ಣುಗಳಿಂದ ಶುರುಮಾಡಿದೆ. ಆಮೇಲೆ ಮೂಗು, ತುಟಿ. ಹನ್ನೊಂದು ದಿನದ ಗೆರೆಗಳು ಮಿನುಗುವ ಪುಡಿಯಾಗಿ ಉದುರಿದವು. ಕೆರೆದ ಜಾಗ ತಗ್ಗಾಗಿತ್ತು. ಅದು ಮಟ್ಟಕ್ಕೆ ಬರಲೆಂದು ತಗಡನ್ನು ಮಗುಚಿ ಬೆನ್ನಿಗೆ ಸುತ್ತಿಗೆಯಿಂದ ತಟ್ಟಿದೆ.

"ಮೆಲ್ಲಗೆ. ಉಬ್ಬೀತು" ಎಂದ ಅಪ್ಪ. ಸುತ್ತಿಗೆಯನ್ನು ಮಾತ್ರ ಕಸಿದುಕೊಳ್ಳಲಿಲ್ಲ.

ಎಂಟನೆಯ ದಿನ ವೌಟರ್ ಹೊಸ ಅಚ್ಚನ್ನು ಬಹಳ ಹೊತ್ತು ನೋಡಿದ. ಬಲಗೈ ಸರಿಯಾಗಿತ್ತು. ತೋಳಿನಾಚೆ ಹಾರುವ ಕೂದಲಷ್ಟೇ ಕಾಣುತ್ತಿತ್ತು.

"ಕೈಯೇನೋ ಚೆನ್ನಾಗಿದೆ. ಹುಡುಗಿ ಮುಖಾನೇ ಕಾಣಲ್ವಲ್ಲಮ್ಮ?"

"ಕಾಣಲ್ಲ" ಎಂದೆ.

ಅವನು ತಗಡನ್ನು ಬಟ್ಟೆಯಲ್ಲಿ ಸುತ್ತಿಕೊಂಡ. ನಾನು ಬರುವುದಿಲ್ಲವೆಂದು ಅಪ್ಪ ಮೆಕೆಲೆನ್‌ಗೆ ಇನ್ನೊಂದು ಕಾಗದ ಬರೆಯಲು ಕೂತ.