ಟಗಲ್ಸ್ ಕೂತ ಬಗೆ

"ಅಜ್ಜಿ, ಮತ್ತೆ ಕೂತ ನೋಡು," ಎಂದಳು ಮಿಂಡಿ, ಬಾಯಲ್ಲಿದ್ದ ಕಾರ್ನ್‌ಫ್ಲೇಕ್ಸ್ ಇನ್ನೂ ನುಂಗದೆ.

ವರ್ನಾ ಕಾಫಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಟಿವಿ ಆ ಬಾಗಿಲಿನ ಪಕ್ಕದ ಗೋಡೆಗೇ ಇದ್ದುದರಿಂದ ಕತ್ತು ಚಾಚಿದರೆ ಮಾತ್ರ ಅವಳಿಗೆ ಕಾಣುತ್ತಿತ್ತು. ಇವತ್ತು ನೋಡುವುದೇ ಬೇಡ ಎಂದುಕೊಂಡಿದ್ದವಳು ಕತ್ತು ಚಾಚಿದಳು. ಸ್ಟೇಷನ್ ಮಾಸ್ಟರನ ಟೋಪಿ ಹಾಕಿ ಟೈ ಕಟ್ಟಿದ ಟಗಲ್ಸ್ ಎಂಬ ಕರಡಿ, ಎಡಗೈಯನ್ನು ಹಿಂದಕ್ಕೆ ಚಾಚಿ ಕುರ್ಚಿ ಎಲ್ಲಿದೆ ಎಂದು ತಡಕಿತು. ಕೈಗೆ ಸಿಕ್ಕ ಮೇಲೂ ನಂಬಿಕೆ ಬಾರದೆ ಒಂದು ಗಳಿಗೆ ತಡೆಯಿತು. ಆಮೇಲೆ ಮೈಯ ಭಾರವನ್ನೆಲ್ಲ ಸ್ವಲ್ಪಸ್ವಲ್ಪವಾಗಿ ಕುರ್ಚಿಗೆ ಒಪ್ಪಿಸುತ್ತ ಕೂತಿತು. ಹೊಟ್ಟೆ ಒಮ್ಮೆ ಕುಲುಕಿ ನಿಂತಿತು. ಅಲ್ಲಿಗೆ ಜೀವ ಮುಗಿಯಿತು. ಎಂದಿನಂತೆ ಇಡೀ ಮೈ ಕಲ್ಲಾಗಿ, ಬಾಯೊಂದು ಮಾತ್ರ ತೆರೆದು ಮುಚ್ಚತೊಡಗಿತು.

"ಹುಟ್ಟುಹಬ್ಬದ ದಿನ ಯಾಕೆ ಹಿಂಗೆ ಕೂರ್ತಾನೆ? ಕೇಕ್ ಬೇಡ್ವಾ ಅವನಿಗೆ?"

"ಸುಸ್ತಾಗಿರ್ಬೇಕು ಬಿಡು."

"ಯಾವಾಗ್ಲೂ ಸುಸ್ತೇ. ಹೋದ ಶನಿವಾರ ದೋಣಿಲೂ ಹಿಂಗೇ ಕೂತ. ಅಲ್ಲಿ ಕುರ್ಚಿನೇ ಇರ್ಲಿಲ್ಲ, ಆದ್ರೂ ಹುಡುಕ್ದ." ಮಿಂಡಿ ಬಟ್ಟಲಿನ ಹಾಲು ಕುಡಿದು ತುಟಿ ಒರೆಸಿಕೊಂಡಳು. "ಈ ಕಾರ್ಟೂನು ಬೋರು ಅಜ್ಜಿ. ಹೊರಗೆ ಹೋಗ್ಲಾ?"

ಏಳು ವರ್ಷದ ಹುಡುಗಿ ಶನಿವಾರ ಬೆಳಿಗ್ಗೆ ಟಿವಿ ಬಿಟ್ಟು ಹೊರಗೆ ಹೋಗುತ್ತೇನೆ ಎಂದರೆ ಬೇರೆ ಯಾವ ಅಜ್ಜಿಯಾದರೂ ಸಂತೋಷಪಡುತ್ತಿದ್ದಳು. ಮಗಳು ಆಸ್ಪತ್ರೆಯ ಪಾಳಿ ಮುಗಿಸಿ ಬರುವತನಕ ಮಗು ಇವಳ ಪಾಲಿಗೆ. ವರ್ನಾ ಹೋಗೆಂದು ತಲೆಯಾಡಿಸಿ ಟಿವಿ ಆರಿಸಿದಳು. ಅವಳಿಗೆ ಅವಮಾನವಾಗಿತ್ತು. ಆ ಕರಡಿ ಕೂರುವುದರ ಚಿತ್ರಗಳನ್ನು ಬರೆದವಳು ಅವಳೇ. ಬರೆದದ್ದು ಒಂದೇ ಸಲ, ಒಂದೇ ಕಡೆಗೆ ಎಂದು.

ಬರ್‌ಬ್ಯಾಂಕಿನ ಸ್ಟುಡಿಯೋದಲ್ಲಿ, ಅವಳು ಕಾರ್ಟೂನು ಬರೆಯುವ ಕಡೆ, ಈಗ ಯಾರೂ ಏನನ್ನೂ ಪೂರ್ತಿ ಬರೆಯುತ್ತಿರಲಿಲ್ಲ. ಟಗಲ್ಸ್‌ನ ಕೊರಳಿಗೆ ಟೈ ಇರುವುದೂ ಚಂದಕ್ಕಲ್ಲ. ಟೈ ಇದ್ದರೆ ಕತ್ತು ಬೇರೆ ಮೈ ಬೇರೆ ಮಾಡಬಹುದು, ತಲೆಯನ್ನಷ್ಟೇ ಅಲ್ಲಾಡಿಸಿ ಮೈಯನ್ನು ವಾರಗಟ್ಟಲೆ ಹಾಗೇ ಇಡಬಹುದು. ಓಡುವಾಗ ಹಿಂದೆ ಸರಿಯುವುದು ಅದೇ ಮರ, ಅದೇ ಬೇಲಿ, ಮತ್ತೆ ಅದೇ ಮರ. ಹಿಂದೆ ಸಿನಿಮಾ ಮಂದಿರಗಳಿಗೆ ಕಾರ್ಟೂನು ಮಾಡುತ್ತಿದ್ದ ಕಾಲದಲ್ಲಿ ವರ್ನಾ, ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತ ಬೆಕ್ಕೊಂದಕ್ಕೆ ಇಡೀ ವಾರ ಕೊಟ್ಟಿದ್ದಳು. ಬಣ್ಣ ತುಂಬುವ ಕೋಣೆಯಿಂದ ಮೇಲೆ ಬಂದು ಪೆನ್ಸಿಲ್ ಹಿಡಿದ ಹೆಂಗಸರು ಆಗ ಬೆರಳೆಣಿಕೆಯಷ್ಟು. ಆ ಬೆಕ್ಕನ್ನು ನೋಡಿ ಗಂಡಸರೂ ಮೆಚ್ಚಿದ್ದರು. ಈಗಿನ ಲೆಕ್ಕದಲ್ಲಿ ಆ ಬೆಕ್ಕು ಕಣ್ಣು ಮಿಟುಕಿಸಿದರೆ ಅದೇ ದೊಡ್ಡದು.

ಹೋದ ವರ್ಷದ ಒಂದು ಕಂತಿನಲ್ಲಿ, ಟಗಲ್ಸ್‌ನ ಹಳೆಯ ಪುಟ್ಟ ರೈಲನ್ನು ಗುಜರಿಗೆ ಒಯ್ಯುತ್ತಾರೆಂದು ಸುದ್ದಿ ಬರುತ್ತದೆ. ಕಥೆಯ ಹಾಳೆಯಲ್ಲಿ ಇದ್ದದ್ದು 'ಟಗಲ್ಸ್ ಕೂರುತ್ತಾನೆ' ಎಂದಷ್ಟೇ. ಕರಡಿ ನಿಂತಿರುವುದನ್ನು ತೋರಿಸಿ, ನಡುವೆ ಗೋಡೆಯ ಗಡಿಯಾರ ತೋರಿಸಿ, ಮತ್ತೆ ಕರಡಿಗೆ ಬಂದರೆ ಕೂತಿರುತ್ತದೆ. ಕೆಲಸ ಮುಗಿಯಿತು. ವರ್ನಾಳೂ ಹಾಗೇ ಮಾಡಲು ಕೂತವಳು. ಆದರೆ ಕೈ ನಿಲ್ಲಲಿಲ್ಲ. ಕೂರುವುದನ್ನು ಪೂರ್ತಿ ಬರೆದು ಮುಗಿಸಿ, ಹಾಳೆಗಳನ್ನು ಬೆರಳಲ್ಲಿ ಹಿಡಿದು ಸರಸರನೆ ತಿರುವಿದಾಗ ಕರಡಿಯ ಒಳಗಿಂದ ಓರಿನ್ ಬಂದು ಕೂತ.

ಓರಿನ್ ಅವಳ ಗಂಡ. ವಿಮಾನದ ಕಾರ್ಖಾನೆಯಲ್ಲಿ ರಿವೆಟ್ ಹೊಡೆದು ಹೊಡೆದು ದುಡಿದವನು, ಕೊನೆಯ ಎರಡು ವರ್ಷ ನರಗಳ ಕಾಯಿಲೆಯಿಂದ ಮೈ ಮಾತು ಕೇಳದೆ, ಆ ವರ್ಷದ ವಸಂತದಲ್ಲಿ ತೀರಿಕೊಂಡಿದ್ದ. ಎಡಗೈ ಹಿಂದಕ್ಕೆ ಚಾಚಿ, ಕುರ್ಚಿಯನ್ನು ಅನುಮಾನಿಸಿ ಕೂರುತ್ತಿದ್ದದ್ದು ಅವನೇ. ಆ ಹಾಳೆಗಳನ್ನು ನೋಡಿ ವರ್ನಾಳಿಗೆ ಎದೆ ತುಂಬಿ ಬಂದಿತ್ತು. ಅದನ್ನು ಯಾರಿಗೂ ಹೇಳಲಿಲ್ಲ. ಅವನು ಸತ್ತ ಮೇಲೆ ಸರಿಯಾಗಿ ಅತ್ತಿರದಿದ್ದವಳು ಆ ದಿನ ಸ್ಟುಡಿಯೋದ ಪಾರ್ಕಿಂಗ್‌ನಲ್ಲಿ, ಕಾರಿನ ಗಾಜು ಏರಿಸಿಕೊಂಡು ಅತ್ತಳು.

ಆ ಕಂತು ಪ್ರಸಾರವಾದ ಮೇಲೆ ಆ ಹಾಳೆಗಳನ್ನು 'ಸ್ಟಾಕ್' ಎಂದು ಬರೆದ ಡ್ರಾಯರಿಗೆ ಹಾಕಿದರು. ಮತ್ತೆ ಮತ್ತೆ ಬಳಸಬಹುದಾದದ್ದೆಲ್ಲ ಹೋಗಿ ಸೇರುವ ಜಾಗ ಅದು. ಅಲ್ಲಿಂದ ಶುರು. ಟಗಲ್ಸ್ ಪಿಕ್ನಿಕ್ಕಿನಲ್ಲಿ ಹಾಗೆ ಕೂತ, ಕ್ಷೌರದಂಗಡಿಯಲ್ಲಿ ಕೂತ, ಪಿಯಾನೋ ಮುಂದೆ ಕೂತ. ಒಮ್ಮೆ ಎಡಬಲ ತಿರುಗಿಸಿ ಕೂರಿಸಿದರು. ಅದರ ಮೇಲೆ ನಗುವಿನ ಸದ್ದು ಕೂಡ ಹಾಕಿದರು.

ಸೋಮವಾರ ಅವಳು ಮಾರ್ವ್‌ನ ಕೋಣೆಗೆ ಹೋದಳು.

ಮಾರ್ವ್ ಗ್ಲಿಕ್‌ಮನ್ ಈಗ ನಿರ್ದೇಶಕ. ಹಿಂದೆ ಅವಳ ಕೈಕೆಳಗೆ, ಅವಳು ಬರೆದ ಎರಡು ಚಿತ್ರಗಳ ನಡುವಿನ ಚಿತ್ರಗಳನ್ನು ತುಂಬುತ್ತಿದ್ದವನು. ಎರಡು ಕಾರ್ಯಕ್ರಮ ಮೈಮೇಲೆ ಹಾಕಿಕೊಂಡು, ಎದೆಯುರಿಗೆ ಸುಣ್ಣದಂಥ ಮಾತ್ರೆ ಜಗಿಯುತ್ತಲೇ ಮಾತಾಡುತ್ತಿದ್ದ.

"ಆ ಕೂರೋದನ್ನ ಡ್ರಾಯರಿಂದ ತೆಗಿ, ಮಾರ್ವ್," ಎಂದಳು ವರ್ನಾ. "ನನಗೆ ವಾಪಸ್ ಬೇಕು."

"ಕೂತ್ಕೋ ಮೊದ್ಲು. ನಿಂತ್ಕೊಂಡು ಮಾತಾಡಿದ್ರೆ ರಾಜೀನಾಮೆ ಕೊಡೋಕೆ ಬಂದಂಗಿರುತ್ತೆ."

"ನನ್ ಮೊಮ್ಮಗಳು ಎದ್ದು ಹೊರಗೆ ಹೋದ್ಲು. ಕಾರ್ಟೂನ್ ನಡೀತಾ ಇರೋವಾಗ್ಲೇ. ಬೋರಂತೆ."

"ಅದಕ್ಕೆ ನಿನ್ ಕರಡಿ ಕೂತಿದ್ದು ಕಾರಣ ಅಲ್ಲ. ಉಳಿದಿದ್ದೆಲ್ಲಾ ಕಾರಣ. ನಮ್ ಕಾರ್ಯಕ್ರಮದಲ್ಲಿ ಕಾರ್ಟೂನು ಅನ್ನಿಸ್ಕೊಳ್ಳೋದು ಅದೊಂದೇ. ಅದನ್ನೂ ಕಿತ್ಕೊಂಡ್ ಹೋಗ್ತೀನಿ ಅಂತೀಯ." ಮಾರ್ವ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. "ನಂಗೂ ಕಣ್ಣಿದೆ ವರ್ನಾ. ನಾವೇನ್ ಮಾಡ್ತಿದೀವಿ ಅಂತ ಗೊತ್ತು. ಚಾನೆಲ್‌ನೋರು ಏನಂತಾರೆ ಹೇಳ್ಲಾ? ಮಕ್ಕಳಿಗೆ ಗೊತ್ತಾಗಲ್ಲ ಅಂತಾರೆ."

"ಗೊತ್ತಾಗುತ್ತೆ."

"ಗೊತ್ತಾಗುತ್ತೆ. ಅದನ್ನ ನಾನ್ ಹೇಳಿದ್ರೆ ಅವ್ರು ಇನ್ನೊಬ್ಬನ್ನ ಹುಡುಕ್ತಾರೆ." ಎದ್ದು ಮೂಲೆಯ ಯಂತ್ರದ ಕಡೆ ನಡೆದ. ಫಿಲ್ಮನ್ನು ಕೈಯಲ್ಲೇ ಮುಂದೆ ಹಿಂದೆ ಓಡಿಸಿ ಪುಟ್ಟ ಗಾಜಿನಲ್ಲಿ ನೋಡುವ ಯಂತ್ರ ಅದು. "ಬಾ ಇಲ್ಲಿ. ಕ್ಯಾಮೆರಾದೋರು ಹೊಸದೊಂದು ಮಾಡಿದಾರೆ. ನಿಂಗೆ ಬೇರೆಯೋರಿಂದ ಗೊತ್ತಾಗೋದು ಬೇಡ."

ವರ್ನಾ ಗಾಜಿಗೆ ಬಾಗಿದಳು. ಕರಡಿ ಕುರ್ಚಿಯಲ್ಲಿ ಕೂತಿತ್ತು. ಹೊಟ್ಟೆ ಕುಲುಕಿತು, ಮೈ ಮೇಲೆದ್ದಿತು, ಎಡಗೈ ಕುರ್ಚಿಯನ್ನು ಬಿಟ್ಟು ಮುಂದೆ ಬಂತು. ಕರಡಿ ನೆಟ್ಟಗೆ ನಿಂತಿತು.

ಓರಿನ್ ಎದ್ದಿದ್ದ. ಎರಡು ವರ್ಷ ಯಾವ ಕುರ್ಚಿಯಿಂದಲೂ ತಾನಾಗಿ ಏಳದಿದ್ದವನು, ಯಾರ ಸಹಾಯವೂ ಇಲ್ಲದೆ ಎದ್ದು ನಿಂತಿದ್ದ.

"ಇನ್ನೊಂದ್ಸಲ," ಎಂದಳು.

ಮಾರ್ವ್ ಮತ್ತೆ ಓಡಿಸಿದ. ಎರಡನೆಯ ಸಲ ಅವಳ ಕಸುಬಿನ ಕಣ್ಣು ಎಚ್ಚರವಾಯಿತು. ಮನುಷ್ಯನಾಗಲಿ ಕರಡಿಯಾಗಲಿ ಏಳಬೇಕಾದರೆ ಮೊದಲು ಮುಂದಕ್ಕೆ ಬಾಗಬೇಕು, ಪಾದ ಊರಬೇಕು. ಇದು ಬಾಗಲಿಲ್ಲ, ಊರಲಿಲ್ಲ. ಯಾರೋ ಮೇಲಿನಿಂದ ದಾರ ಕಟ್ಟಿ ಎಳೆದ ಹಾಗೆ ಬಂತು. ಕೂತದ್ದನ್ನೇ ಹಿಂದುಮುಂದು ಮಾಡಿ ಏಳಿಸಿದ್ದರು.

"ಯಾರೂ ಹಿಂಗೆ ಏಳಲ್ಲ, ಮಾರ್ವ್."

"ಗೊತ್ತು."

"ಇದನ್ನ ಹಾಕ್ಬೇಡ."

"ಹಾಗಿದ್ರೆ ನೀನೊಂದು ಏಳೋದು ಬರ್ದ್‌ಕೊಡು. ಶುಕ್ರವಾರದೊಳಗೆ. ಆದ್ರೆ ಕೇಳಿಸ್ಕೋ, ಅದೂ ಡ್ರಾಯರಿಗೇ ಹೋಗುತ್ತೆ. ಬರೀದಿದ್ರೆ ಇದೇ ಹೋಗುತ್ತೆ. ನನ್ ಕೈಲಿ ಇರೋದು ಅಷ್ಟೇ."

ಓರಿನ್‌ನನ್ನು ವಾಪಸ್ ಕೇಳಲು ಬಂದವಳು ಇನ್ನಷ್ಟು ಓರಿನ್‌ನನ್ನು ಕೊಡಲು ಒಪ್ಪಿಕೊಂಡು ಹೊರಬಿದ್ದಳು. ಬರೆಯದಿದ್ದರೆ ವಾರವಾರವೂ ದಾರಕ್ಕೆ ಕಟ್ಟಿದ ಗೊಂಬೆಯ ಹಾಗೆ ಅವನನ್ನು ಎಳೆದೇಳಿಸುತ್ತಾರೆ, ಅದನ್ನು ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಬೇಕು. ಅದು ಅವಳಿಂದ ಆಗುವ ಮಾತಾಗಿರಲಿಲ್ಲ.

ಕೆಳಗಿನಿಂದ ದೀಪ ಉರಿಯುವ ಗಾಜಿನ ಮೇಜಿಗೆ ಬಿಳಿ ಹಾಳೆ ಸಿಕ್ಕಿಸಿ ಕೂತಳು. ಕೂತೇ ಇದ್ದಳು. ಓರಿನ್ ಹೇಗೆ ಏಳುತ್ತಿದ್ದ? ಚೆನ್ನಾಗಿದ್ದ ಕಾಲದಲ್ಲಿ ಊಟಕ್ಕೆ, ಫೋನಿಗೆ, ಬಾಗಿಲ ಗಂಟೆಗೆ ಎಷ್ಟು ಸಲ ಎದ್ದಿರಬೇಕು. ಅವಳಿಗೆ ಒಂದೂ ನೆನಪಾಗಲಿಲ್ಲ. ಬೆಕ್ಕು ಏಳುವುದನ್ನು, ಬಾತು ಏಳುವುದನ್ನು, ಕುಡುಕ ಕುದುರೆ ಏಳುವುದನ್ನು ಗಂಟೆಗಟ್ಟಲೆ ಕೂತು ಯೋಚಿಸಿ ಬರೆದವಳು, ಮನೆಯಲ್ಲಿದ್ದ ಗಂಡ ಏಳುವುದನ್ನು ಒಂದು ದಿನವೂ ನೋಡಿರಲಿಲ್ಲ. ಏಳುವವರನ್ನು ಯಾರು ನೋಡುತ್ತಾರೆ?

ಬಣ್ಣದ ಕೋಣೆಯ ಡೊಲೊರೆಸ್ ಮಧ್ಯಾಹ್ನ ಊಟದ ಡಬ್ಬಿ ಹಿಡಿದು ಬಂದಳು. ಮುಸುಕಿನ ಜೋಳದ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ತಮಾಲೆ ಎಂಬ ಕಡುಬಿನ ವಾಸನೆ ಮೇಜಿನ ತುಂಬ ಹರಡಿತು. ಬೆಳಗಿನಿಂದ ಹಾಳೆ ಖಾಲಿ ಇರುವುದನ್ನು ನೋಡಿ ಅವಳು ಎರಡು ತಮಾಲೆ ತೆಗೆದು ಮುಂದಿಟ್ಟಳು.

"ಡೊಲೊರೆಸ್, ಸ್ವಲ್ಪ ಆ ಕುರ್ಚಿಲಿ ಕೂತು ಏಳ್ತೀಯಾ?"

ಡೊಲೊರೆಸ್ ಕೂತಳು, ಎದ್ದಳು.

"ಇನ್ನೊಂದ್ಸಲ. ಸ್ವಲ್ಪ ಭಾರ ಇರೋ ಥರ."

"ಇದಕ್ಕಿಂತ ಭಾರ ಎಲ್ಲಿಂದ ತರ್ಲಿ? ಮೂರು ಹೆತ್ತಿದೀನಿ ಕಣೇ, ಸಾಕಾಗಲ್ವಾ?" ಮತ್ತೆ ಕೂತು ಎದ್ದಳು. "ಯಾರ ಥರ ಏಳ್ಬೇಕು, ಹೇಳು. ಕರಡಿ ಥರಾನಾ?"

"ಓರಿನ್ ಥರ," ಎಂದುಬಿಟ್ಟಳು ವರ್ನಾ.

ಡೊಲೊರೆಸ್ ಕುರ್ಚಿಯ ಬೆನ್ನು ಹಿಡಿದುಕೊಂಡಳು. "ಅಯ್ಯೋ ದೇವ್ರೆ. ಆ ಕೂರೋದು. ಅದು ಓರಿನ್ ಅಲ್ವಾ?" ಎಂದಳು. "ಅಷ್ಟು ಸಲ ಬಣ್ಣ ತುಂಬಿದೀನಿ, ಗೊತ್ತೇ ಆಗ್ಲಿಲ್ಲ." ಕಣ್ಣು ಒರೆಸಿಕೊಂಡಳು. "ಆದ್ರೆ ನಾನ್ ನೋಡಿದಾಗೆಲ್ಲಾ ಅವ್ರು ಎಲ್ಲಿ ಎದ್ದಿದ್ರು? ನೀನೇ ಅಲ್ವಾ ಎಬ್ಬಿಸ್ತಿದ್ದಿದ್ದು?"

ಹೌದು, ಅವಳೇ. ನೆನಪಿನಲ್ಲಿ ಉಳಿದದ್ದು ಅದೊಂದೇ. ಓರಿನ್ ಕುರ್ಚಿಯಿಂದ ಬಲಗೈ ಮೇಲೆತ್ತಿ, "ಕ್ರೇನ್ ಎಲ್ಲಿ? ಕ್ರೇನ್ ಬಂತಾ?" ಎಂದು ಕಾರ್ಖಾನೆಯ ಗಂಟಲಿನಲ್ಲಿ ಕೂಗುತ್ತಿದ್ದ. ಪಾತ್ರೆ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಬರಬೇಕಿತ್ತು. ಎಷ್ಟೋ ಸಲ ಸಿಡುಕಿದ್ದಳು. "ಕ್ರೇನಿಗೂ ಸುಸ್ತಾಗುತ್ತೆ" ಎಂದಿದ್ದಳು. ಅವನು ನಗುತ್ತ ಕೈ ಇಳಿಸದೆ ಕಾಯುತ್ತಿದ್ದ. ಕೈ ಹಿಡಿದ ಮೇಲೆ ಮುಂದಕ್ಕೆ ಬಾಗುತ್ತಿದ್ದ, ಪಾದ ಊರುತ್ತಿದ್ದ, ಒಮ್ಮೆ ತಪ್ಪಿ ಮತ್ತೆ ಊರುತ್ತಿದ್ದ.

ಅವಳು ತಮಾಲೆಯನ್ನು ಆಚೆ ಸರಿಸಿ ಪೆನ್ಸಿಲ್ ತೆಗೆದುಕೊಂಡಳು.

ಶುಕ್ರವಾರ ಮಾರ್ವ್ ಹಾಳೆಗಳ ಕಟ್ಟನ್ನು ಬೆರಳಲ್ಲಿ ಹಿಡಿದು ತಿರುವಿದ. ಒಮ್ಮೆ ತಿರುವಿ, ಮಾತ್ರೆ ಜಗಿಯುವುದನ್ನು ನಿಲ್ಲಿಸಿ, ಮತ್ತೊಮ್ಮೆ ತಿರುವಿದ.

"ಇವನನ್ನ ಯಾರು ಎಳೀತಿರೋದು? ಕೈ ಚೌಕಟ್ಟಿನಿಂದ ಆಚೆ ಹೋಗಿದೆಯಲ್ಲ."

"ಆಚೆ ಒಬ್ಬರಿದಾರೆ."

"ಅವರನ್ನೂ ಬರೀಬೇಕಾ?"

"ಬೇಡ. ಆಚೆನೇ ಇರ್ತಾರೆ."

"ಒಳ್ಳೇದಾಯ್ತು. ಕಾಣದೇ ಇರೋರಿಗೆ ಬಣ್ಣ ಬೇಕಾಗಲ್ಲ." ಅವನು ಹಾಳೆಗಳನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿದ. ಕಟ್ಟನ್ನು ಕ್ಯಾಮೆರಾ ಕೋಣೆಗೆ ತಾನೇ ಹೊತ್ತುಕೊಂಡು ಹೋದ, ಬೇರೆಯವರ ಕೈಗೆ ಕೊಡಲಿಲ್ಲ.

ಅದು ಟಿವಿಗೆ ಬರುವ ಹೊತ್ತಿಗೆ ಚಳಿಗಾಲ ಕಾಲಿಟ್ಟು, ಬೀದಿಯ ಕಿತ್ತಳೆ ಮರಗಳಲ್ಲಿ ಹಣ್ಣು ಬಣ್ಣ ತಿರುಗಿತ್ತು. ಮಿಂಡಿ ಟಿವಿಯನ್ನು ಹಾಕಿಟ್ಟು, ನೆಲದ ಮೇಲೆ ಬೋರಲು ಮಲಗಿ ಬಣ್ಣದ ಪೆನ್ಸಿಲ್ಲಿನಲ್ಲಿ ತನ್ನದೇ ಏನನ್ನೋ ಗೀಚುತ್ತಿದ್ದಳು. ಅದೇ ಮರ, ಅದೇ ಬೇಲಿ ಸರಿದು ಹೋದವು. ಕರಡಿ ಎಡಗೈ ಚಾಚಿ ಕುರ್ಚಿ ತಡಕಿ ಕೂತಿತು. ಮಿಂಡಿ ತಲೆ ಕೂಡ ಎತ್ತಲಿಲ್ಲ.

"ಕೂತ ಅಲ್ವಾ?" ಎಂದಳು, ಗೀಚುತ್ತಲೇ.

"ಕೂತ," ಎಂದಳು ವರ್ನಾ, ಬಾಗಿಲಿನಿಂದ.

ಕರಡಿ ಬಾಯಿ ತೆರೆದು ಮುಚ್ಚಿ ಏನೇನೋ ಹೇಳಿತು. ಆಮೇಲೆ ಬಲಗೈ ಮೇಲೆತ್ತಿ ಪಕ್ಕಕ್ಕೆ ಚಾಚಿತು. ಕೈ ಟಿವಿಯ ಅಂಚು ದಾಟಿ ಮಾಯವಾಯಿತು, ಅಲ್ಲಿ ಏನೋ ಸಿಕ್ಕ ಹಾಗೆ ತೋಳು ಬಿಗಿಯಾಯಿತು. ಕರಡಿ ಮುಂದಕ್ಕೆ ಬಾಗಿತು. ಪಾದ ಊರಿತು, ತಪ್ಪಿತು, ಮತ್ತೆ ಊರಿತು. ಎದ್ದಿತು.

ಮಿಂಡಿ ಪೆನ್ಸಿಲ್ ಕೆಳಗಿಟ್ಟಳು. ಮೊಣಕಾಲ ಮೇಲೆ ಎದ್ದು ಟಿವಿಯ ಹತ್ತಿರಕ್ಕೆ ತೆವಳಿ, ಕೈ ಹೋದ ಕಡೆ ಯಾರಿದ್ದಾರೆಂದು ಪೆಟ್ಟಿಗೆಯ ಅಂಚಿನಾಚೆ ಇಣುಕಿದಳು.

ಅಲ್ಲಿ, ಅಡುಗೆಮನೆಯ ಬಾಗಿಲಲ್ಲಿ ಅಜ್ಜಿ ನಿಂತಿದ್ದಳು, ಕಾಫಿಯ ಲೋಟ ಎಡಗೈಗೆ ಬದಲಾಯಿಸಿ ಬಲಗೈ ಖಾಲಿ ಮಾಡಿಕೊಂಡು.