ದೊಡ್ಡ ಕ್ಯಾಬಿನೆಟ್ಟೂ ಒಳಚಿಲಕವೂ

ರಾಯದುರ್ಗದ ಬಸ್‌ಸ್ಟ್ಯಾಂಡ್ ಎದುರಿಗೆ ಕಂಪ್ಯೂಟರ್ ರಿಪೇರಿ ಅಂಗಡಿಯಿದೆಯಲ್ಲ, ಅದರ ವಾಗೀಶ್ ನಾನೇ. ಸತ್ತ ಕಂಪ್ಯೂಟರಿಗೆ ನನ್ನ ನೆರಳು ಬಿದ್ದರೆ ಸಾಕು, ಎದ್ದು ಕೂತು ನಮಸ್ಕಾರ ಹೇಳುತ್ತದೆ. ಡಿ. ಹಿರೇಹಾಳಿನಲ್ಲಿ ಬಾವಿಗೆ ಬಿದ್ದ ಲ್ಯಾಪ್‌ಟಾಪನ್ನು ಬಟ್ಟೆಯಂತೆ ಹಿಂಡಿ, ಹಗ್ಗದ ಮೇಲೆ ಒಣಹಾಕಿ, ಸಂಜೆಯೊಳಗೆ ಹಾಡು ಹಾಡಿಸಿದವನು. ಇಂಥ ನನ್ನನ್ನು ಒಂದು ಶುಕ್ರವಾರ ಕಬ್ಬಿಣದ ಪಂಜರದೊಳಗಿಟ್ಟು ಬೆಸುಗೆ ಹಾಕಿಬಿಟ್ಟರು. ನನ್ನೊಬ್ಬನನ್ನೇ ಆಗಿದ್ದರೆ ಸುದ್ದಿಯಾಗುತ್ತಿರಲಿಲ್ಲ. ಪಂಜರದ ಯಜಮಾನರೂ ನನ್ನ ಜೊತೆಯಲ್ಲೇ ಒಳಗಿದ್ದರು.

ಯಜಮಾನರೆಂದರೆ ಗಂಗಾಧರಪ್ಪನವರು. ಕೋಟೆ ಬೆಟ್ಟದ ಬುಡದಲ್ಲಿ ಜೀನ್ಸ್ ಹೊಲಿಯುವ ಯೂನಿಟ್ಟು ಅವರದು. ಅಲ್ಲಿ ಒಂದು ದಿನಕ್ಕೆ ಹೊಲಿಯುವ ಪ್ಯಾಂಟುಗಳನ್ನು ಕಾಲಿಗೆ ಕಾಲು ಗಂಟು ಹಾಕಿದರೆ ಬಳ್ಳಾರಿ ಮುಟ್ಟಿ ವಾಪಸು ಬರಬಹುದು. ಹಿಂದೊಮ್ಮೆ ಅವರು ಜೇಬಿನ ಮೇಲೆ ಹಾಕಿಸಬೇಕೆಂದಿದ್ದ ನವಿಲುಗರಿ ಡಿಸೈನು, ಅವರು ಹಾಕಿಸುವ ಮೊದಲೇ ಬಳ್ಳಾರಿಯ ಯಾರದೋ ಪ್ಯಾಂಟಿನ ಹಿಂಬದಿಯಲ್ಲಿ ಕುಣಿಯುತ್ತಾ ಹೋಗುವುದನ್ನು ಕಂಡರಂತೆ. ಅವತ್ತಿನಿಂದ ಅವರಿಗೆ ನಿದ್ದೆಯಿಲ್ಲ. ವೆಲ್ಡಿಂಗ್ ಅಂಜಿನಿಯನ್ನು ಕರೆಸಿ, ಡಿಸೈನುಗಳಿದ್ದ ಕಂಪ್ಯೂಟರಿನ ಸುತ್ತ ನೆಲದಿಂದ ಸೂರಿನವರೆಗೆ ಹೆಬ್ಬೆರಳು ಗಾತ್ರದ ಸರಳುಗಳ ಜಾಲರಿ ಕೋಣೆ ಕಟ್ಟಿಸಿದರು. ಬಾಗಿಲಿಗೆ ಹೊರಗಿನಿಂದ ಬೀಗ. ಬೀಗದ ಕೈ ಅವರ ಉಡಿದಾರದಲ್ಲಿ.

ಆ ಜಾಲರಿಯೊಳಗೆ ಬೆಳಗಿನಿಂದ ಸಂಜೆಯವರೆಗೆ ಕೂರುತ್ತಿದ್ದವಳು ಚಂದ್ರಕಲಾ. ಪ್ಯಾಂಟಿನ ತುಂಡುಗಳನ್ನು ಬಟ್ಟೆಯ ಅಳತೆಗೆ ಕಂಪ್ಯೂಟರಿನಲ್ಲಿ ಜೋಡಿಸಿಕೊಡುವುದು ಅವಳ ಕೆಲಸ. ಅವಳು ಜೋಡಿಸಿದರೆ ತುಂಡು ತುಂಡಿನ ನಡುವೆ ಇರುವೆ ಕೂಡ ಅಡ್ಡ ತಿರುಗಿಯೇ ಹೋಗಬೇಕು. ಗಂಗಾಧರಪ್ಪನವರು ಅವಳನ್ನು ಒಳಗೆ ಬಿಟ್ಟು ಬೀಗ ಹಾಕಿಕೊಂಡು ಓಡಾಡುತ್ತಿದ್ದರು. ಒಮ್ಮೆ ಯಾರದೋ ನಿಶ್ಚಿತಾರ್ಥಕ್ಕೆ ಹೋದವರು ಊಟ, ಎಲೆಯಡಿಕೆ, ಮಾತುಕತೆ ಎಲ್ಲ ಮುಗಿಸಿ ದೀಪ ಹಚ್ಚುವ ಹೊತ್ತಿಗೆ ಅವಳನ್ನು ನೆನೆಸಿಕೊಂಡರು. ಅವಳು ಬೇರೆ ಯೂನಿಟ್ಟಿಗೆ ಹೋಗೋಣವೆಂದರೆ, ‘ಅದಕ್ಕೇ ನೋಡು, ಡಿಸೈನು ಕದ್ದವಳು ಇವಳೇ’ ಎಂದು ಊರು ಆಡಿಕೊಳ್ಳುತ್ತದೆ. ಹೀಗಾಗಿ ಅವಳು ಕೇಳಿದ್ದು ಒಂದೇ: ಹೊರಗಿನ ಬೀಗ ತೆಗೆಸಿ, ಒಳಗಿನಿಂದ ಒಂದು ಚಿಲಕ ಹಾಕಿಸಿ. ಗಂಗಾಧರಪ್ಪನವರ ಉತ್ತರವೂ ಒಂದೇ: “ನೋಡಾಣಮ್ಮ.”

ಈ ನಡುವೆ ಕಂಪ್ಯೂಟರಿಗೆ ಉಬ್ಬಸ ಶುರುವಾಯಿತು. ನನ್ನನ್ನು ಕರೆಸಿದರು. ಬಿಚ್ಚಿ ನೋಡಿದರೆ, ಆ ಸಣ್ಣ ಕ್ಯಾಬಿನೆಟ್ಟಿನೊಳಗೆ ಮದರ್‌ಬೋರ್ಡು ಮೊಣಕಾಲು ಮಡಚಿಕೊಂಡು ಕೂತಂತಿತ್ತು. ಜೀನ್ಸ್ ಬಟ್ಟೆಯ ನೀಲಿ ನಾರು ಫ್ಯಾನಿನ ರೆಕ್ಕೆಗಳಿಗೆ ಮೆತ್ತಿಕೊಂಡು ಕಂಬಳಿಯಾಗಿತ್ತು. ಅದನ್ನು ಕಿತ್ತು ನೇಯ್ದಿದ್ದರೆ ಇನ್ನೊಂದು ಪ್ಯಾಂಟು ಆಗುತ್ತಿತ್ತು.

“ಸಾವ್ಕಾರ್ರೆ, ದೊಡ್ಡ ಕ್ಯಾಬಿನೆಟ್ ಹಾಕ್ರಿ. ಇದಕ್ಕ ಗಾಳಿ ಸಾಲವಲ್ದು,” ಎಂದೆ.

“ಎಷ್ಟು ದೊಡ್ಡದೋ?”

“ಮುಂದ ಮೂರು ಫ್ಯಾನು, ಹಿಂದ ಒಂದು. ಕುರ್ಚಿ ಹಾಕ್ಕೊಂಡು ನೀವೂ ಒಳಗ ಕುಂಡ್ರಬಹುದು.”

ಜಾಲರಿಯೊಳಗಿಂದ ಚಂದ್ರಕಲಾ ತಲೆಯೆತ್ತಿದಳು. “ಹಂಗಾದ್ರ ನನ್ನೂ ಅದರಾಗ ಹಾಕ್ರಿ ವಾಗೀಶಣ್ಣ. ಡಬ್ಬಿಗೆ ನಾಕು ಫ್ಯಾನು, ನನಗ ಒಂದೂ ಇಲ್ಲ.”

“ನೋಡಾಣಮ್ಮ,” ಎಂದರು ಗಂಗಾಧರಪ್ಪನವರು.

ಬಳ್ಳಾರಿಯಿಂದ ಹೊಸ ಕ್ಯಾಬಿನೆಟ್ಟು ತರಿಸಿದೆ. ಒಂದು ಪಕ್ಕಕ್ಕೆ ಪೂರ್ತಿ ಗಾಜು. ಬಸ್ಸಿನಲ್ಲಿ ಅದಕ್ಕೆ ಎರಡು ಟಿಕೆಟ್ಟು ಕೇಳಿದರು. ರಾಯದುರ್ಗದ ಕೋಟೆ ಬಾಗಿಲಲ್ಲಾದರೂ ಆನೆ ಪಕ್ಕಕ್ಕೆ ಸರಿದರೇ ಅದು ನುಗ್ಗುತ್ತಿತ್ತು. ಇನ್ನು ಚಂದ್ರಕಲಾ ಓರೆಯಾಗಿ ತೂರುವಷ್ಟೇ ಅಗಲವಿದ್ದ ಜಾಲರಿ ಬಾಗಿಲಲ್ಲಿ ಹೇಗೆ ನುಗ್ಗೀತು? ಕಂಪ್ಯೂಟರನ್ನೇ ಅಂಗಡಿಗೆ ಒಯ್ಯುತ್ತೇನೆಂದರೆ, ಹಾರ್ಡ್ ಡಿಸ್ಕು ಜಾಲರಿ ದಾಟಕೂಡದೆಂದು ಗಂಗಾಧರಪ್ಪನವರು ಅಡ್ಡ ನಿಂತರು. ಕೊನೆಗೆ ಅಂಜಿನಿ ಬಂದ. ಮಡಕಶಿರಾ ಕಡೆಯವನು. ಗೋಡೆಗಿಂತ ಗಟ್ಟಿ ಗೇಟು ಮಾಡುವ ಆಸಾಮಿ.

“ಬೀಗ ಹಾಕಿದಂಗೇ ಬಾಗ್ಲುನ್ನ ಚೌಕಟ್ಟು ಸಮೇತ ಕುಯ್ದು ಆಚೆಗಿಡ್ತೀನಿ ಸಾಮಿ. ನಿಮ್ ಡಬ್ಬ ಒಳೀಕೆ ಹೋದ್ಮೇಲೆ ತಿರುಗ ಕೂರಿಸ್ಬುಟ್ಟು ವೆಲ್ಡಿಂಗ್ ಟಾಕಾ ಹಾಕ್ತೀನಿ. ಅಷ್ಟೇ ಕಣ್ಸಾಮಿ,” ಎಂದ.

ಶುಕ್ರವಾರ ಬೆಳಿಗ್ಗೆ ಅಷ್ಟೇ ಮಾಡಿದ. ಚೌಕಟ್ಟು ಕುಯ್ದ, ಕ್ಯಾಬಿನೆಟ್ಟು ಒಳಗೆ ಹೋಯಿತು, ಹಿಂದೆ ನಾನು ಹೋದೆ. ನಾನು ಪೆನ್ ಡ್ರೈವಿನಲ್ಲಿ ನವಿಲುಗರಿ ತುಂಬಿಕೊಂಡು ಹೋದೇನೆಂದು ನನ್ನ ಬೆನ್ನಿಗೇ ಗಂಗಾಧರಪ್ಪನವರೂ ಬಂದರು. ಇದ್ದ ಒಂದು ಕುರ್ಚಿ ಅವರಿಗೆ. ಜೀವಮಾನದಲ್ಲಿ ಮೊದಲ ಸಲ ಕೆಲಸದ ಹೊತ್ತಿನಲ್ಲಿ ಚಂದ್ರಕಲಾ ಜಾಲರಿಯ ಹೊರಗೆ ನಿಂತಿದ್ದಳು.

ಅಷ್ಟರಲ್ಲಿ ಗಂಗಾಧರಪ್ಪನವರ ಕಣ್ಣು ಗಡಿಯಾರಕ್ಕೆ ಹೋಯಿತು. ಹತ್ತೂವರೆಗೆ ಇನ್ನು ಸ್ವಲ್ಪವೇ ಇತ್ತು.

“ಏ ಅಂಜಿನಿ! ಶುಕ್ರವಾರ ಹತ್ತೂವರಿಗೆ ರಾಹುಕಾಲ ಅಲ್ಲೇನೋ! ಬಾಗ್ಲು ಕಿತ್ತು ಬಾಯಿ ತಕ್ಕೊಂಡು ನಿಂತ್ರ ಲಕ್ಷ್ಮಿ ಎದ್ದು ಹೋಗ್ತಾಳ. ಹಾಕು, ಹಾಕು, ಮೊದ್ಲು ಮುಚ್ಚು!”

“ಸಾಮಿ, ನೀವು ಒಳಗಿದ್ದೀರಲ್ಲ...”

“ನಾ ಎಲ್ಲಿದ್ರ ನಿನಗೇನೋ! ಒಂದು ಸಂದೂ ಬಿಡಬ್ಯಾಡ, ಗಟ್ಟಿ ಹಾಕು!”

ಅಂಜಿನಿಯ ಕೈಯಲ್ಲಿ ಕಿಡಿ ಹಾರಿದ ಪರಿ ನೋಡಬೇಕಿತ್ತು! ದೀಪಾವಳಿ ನಾಚಿಕೊಂಡು ಮುಂದಿನ ವರ್ಷಕ್ಕೆ ಹೋಗಬೇಕು. ನಾವು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಟಾಕಾ ಬಿದ್ದಿತ್ತು. ಸರಿಯಾಗಿ ಹತ್ತೂವರೆಗೆ ಮಿಷನ್ ಆರಿಸಿ, “ಇರುವೆನೂ ನುಗ್ಗಲ್ಲ ಸಾಮಿ,” ಎಂದು ಬೆವರು ಒರೆಸಿಕೊಂಡ.

ಬಾಗಿಲು ತೆಗೆದು ನೋಡಲೆಂದು ಗಂಗಾಧರಪ್ಪನವರು ಕೀಲಿಯನ್ನು ಸರಳಿನ ನಡುವಿನಿಂದ ಚಂದ್ರಕಲಾಗೆ ಕೊಟ್ಟರು. ಬೀಗ ತೆರೆಯಿತು. ಬಾಗಿಲು ತೆರೆಯಲಿಲ್ಲ. ನಾನು ದೂಡಿದೆ. ಕೋಟೆ ಬೆಟ್ಟ ಅಲುಗಿತೇ ಹೊರತು ಬಾಗಿಲು ಅಲುಗಲಿಲ್ಲ. ಅಂಜಿನಿ ಬಗ್ಗಿ ನೋಡಿ ಕಿವಿ ಕೆರೆದುಕೊಂಡ. ಚೌಕಟ್ಟಿಗಷ್ಟೇ ಹಾಕಬೇಕಾದ ಬೆಸುಗೆಯನ್ನು ಆ ಅವಸರದಲ್ಲಿ ಬಾಗಿಲಿಗೂ ಎಳೆದಿದ್ದ.

“ನೀವೇ ಅಂದ್ರಲ್ಲ ಸಾಮಿ, ಸಂದು ಬಿಡಬ್ಯಾಡ ಅಂತ. ಈಗೇನು, ಎರಡು ನಿಮಿಷದಾಗೆ ಕುಯ್ದ್ ಬಿಡ್ತೀನಿ.”

“ಹುಚ್ಚ ಇದ್ದೀಯೇನೋ? ರಾಹುಕಾಲದಾಗ ಬಾಗ್ಲಿಗೆ ಗರಗಸ ಇಡ್ತಾರೇನೋ? ಹನ್ನೆರಡರ ತನಕ ಯಾರೂ ಮುಟ್ಟಂಗಿಲ್ಲ!” ಎಂದರು ಒಳಗಿದ್ದ ಯಜಮಾನರು.

“ಹಂಗಾರೆ ನಂಗೆ ಹಿರೇಹಾಳ್‌ನಾಗೆ ಒಂದು ಗೇಟ್ ಐತೆ, ಹೋಗ್ಬಿಟ್ಟು ಬತ್ತೀನಿ,” ಎಂದು ಅಂಜಿನಿ ಸಾಮಾನು ಗಾಡಿಗೆ ಹಾಕಿಕೊಂಡು ಹೊರಟೇಹೋದ.

ನನಗೇನು? ಕೈಯಲ್ಲಿ ಕೆಲಸವಿತ್ತು. ಹಳೆಯ ಕ್ಯಾಬಿನೆಟ್ಟಿನ ಮಗ್ಗುಲು ಬಿಚ್ಚಿ, ಪವರ್ ಸಪ್ಲೈ ಈಚೆಗೆ ತೆಗೆದೆ. ವೈರುಗಳ ಸಿಕ್ಕು ಹೇಗಿತ್ತೆಂದರೆ, ಮೂರು ತಲೆಮಾರಿನ ಜಡೆ ಬಿಡಿಸಿದಂತಾಯಿತು. ಹೊಸ ಕ್ಯಾಬಿನೆಟ್ಟಿಗೆ ಪುಟ್ಟ ಹಿತ್ತಾಳೆ ಕಾಲುಗಳನ್ನು ತಿರುಗಿಸಿ ಕೂರಿಸಿ, ಮದರ್‌ಬೋರ್ಡನ್ನು ಹಸುಗೂಸಿನಂತೆ ಎತ್ತಿ ಅವುಗಳ ಮೇಲೆ ಮಲಗಿಸುವ ಹೊತ್ತಿಗೆ ಕರೆಂಟು ಹೋಯಿತು. ಸಬ್‌ಸ್ಟೇಷನ್ ರಿಪೇರಿ, ಸಂಜೆಯವರೆಗೆ ಬರುವುದಿಲ್ಲ ಎಂದು ಹಿಂದಿನ ದಿನವೇ ಮೈಕಿನಲ್ಲಿ ಕೂಗಿಕೊಂಡು ಹೋಗಿದ್ದರಂತೆ. ರಾಹುಕಾಲ ನೋಡುವವರು ಅದನ್ನು ಕೇಳಿಸಿಕೊಂಡಿರಲಿಲ್ಲ.

ಫ್ಯಾನುಗಳು ನಿಂತವು. ಮಿಷನ್ನುಗಳು ನಿಂತವು. ಮೇಲೆ ಶೀಟಿನ ಸೂರು. ಜಾಲರಿಯ ಮೂಲೆಗೆ ಕಿಟಕಿಯಿಲ್ಲ. ಹೊಸ ಕ್ಯಾಬಿನೆಟ್ಟು, ಹಳೆಯ ಕ್ಯಾಬಿನೆಟ್ಟು, ಒಂದು ಕುರ್ಚಿ, ಇಬ್ಬರು ಗಂಡಸರು. ನಾನು ಉಸಿರು ಬಿಟ್ಟರೆ ಗಂಗಾಧರಪ್ಪನವರು ಅದನ್ನೇ ಎಳೆದುಕೊಳ್ಳಬೇಕು. ಕಾಲು ಚಾಚೋಣವೆಂದರೆ ಗಾಜು. ಕೈ ಚಾಚೋಣವೆಂದರೆ ಸರಳು. ಅವರ ಮೊಬೈಲಿನ ಟಾರ್ಚು ಹಿಡಿಸಿಕೊಂಡು ಹಾರ್ಡ್ ಡಿಸ್ಕಿನ ಸ್ಕ್ರೂ ತಿರುಗಿಸಿದೆ. ಇಡೀ ರಾಯದುರ್ಗದಲ್ಲಿ ಗಂಗಾಧರಪ್ಪನವರಿಂದ ಟಾರ್ಚು ಹಿಡಿಸಿಕೊಂಡವನು ನಾನೊಬ್ಬನೇ.

ಮಧ್ಯಾಹ್ನ ಚಂದ್ರಕಲಾ ಅಂಜಿನಿಗೆ ಫೋನು ಹಚ್ಚಿದಳು. “ಕರೆಂಟ್ ಇಲ್ದೆ ಏನ್ ಹಲ್ಲಾಗೆ ಕಡೀಲಾ? ಅದು ಬಂದ್ರೆ ಬತ್ತೀನಿ,” ಎಂದನಂತೆ.

“ಬ್ಯಾರೆ ಯಾರನ್ನಾದ್ರೂ ಕರೀಲೇನ್ರಿ? ಬಸ್‌ಸ್ಟ್ಯಾಂಡ್ ಹತ್ರ ದೊಡ್ಡಮಲ್ಲಪ್ಪ ಅದಾನ, ಕೈಗರಗಸ ಐತಿ,” ಎಂದಳು.

“ಬ್ಯಾಡ! ಊರಿಗೆಲ್ಲ ಡಂಗುರ ಹೊಡೀತಾನ. ಗಂಗಾಧರಪ್ಪ ತನ್ನ ಬೋನಿನಾಗ ತಾನೇ ಬಿದ್ದ ಅಂತ ಬಳ್ಳಾರಿ ಮಟ ಹೇಳ್ತಾನ!”

ಹೊಲಿಯುವ ಹೆಂಗಸರು ಊಟದ ಡಬ್ಬಿ ಹಿಡಿದು ಅತ್ತಿತ್ತ ಸುಳಿದಾಡಿದರು. ಕೆಲಸವಿಲ್ಲದಿದ್ದರೂ ಅವತ್ತು ಒಬ್ಬರೂ ಮನೆಗೆ ಹೋಗಲಿಲ್ಲ. ಗಂಗಾಧರಪ್ಪನವರು ಕ್ಯಾಬಿನೆಟ್ಟಿನ ಹಿಂದೆ ಮುಖ ಮರೆ ಮಾಡಿಕೊಂಡರು. ಅದು ಗಾಜಿನದೆಂದು ನೆನಪಿಸುವುದು ನನಗೆ ಶೋಭಿಸುವ ಕೆಲಸವಲ್ಲ.

ಗಂಗಾಧರಪ್ಪನವರು ಸಕ್ಕರೆ ಕಾಯಿಲೆಯವರು. ಬಾಯಿ ಒಣಗಿತು. “ಅವ್ವಾ ಚಂದ್ರಕಲಾ, ಒಂದು ಚೊಂಬು ನೀರು ಕೊಡಮ್ಮ,” ಎಂದರು.

ಅವಳು ಚೊಂಬು ತಂದಳು, ಆದರೆ ಸರಳಿನ ಆಚೆಗೇ ಹಿಡಿದುಕೊಂಡಳು. “ಕೊಡ್ತೀನ್ರಿ ಸಾವ್ಕಾರ್ರೆ. ಆದ್ರ ಗುಟುಕು ಗುಟುಕು ಕುಡೀರಿ. ಪೂರಾ ಕುಡುದ್ರ ಆಮ್ಯಾಲ ಹೊರಗ ಹೋಗಬೇಕಾಗ್ತೈತಿ. ನಾನು ಇದರಾಗ ಕುಂತ ಮ್ಯಾಲ ಸಂಜಿ ತನಕ ನೀರು ಮುಟ್ಟಂಗೇ ಇಲ್ಲ. ರೂಢಿ ಆಗ್ತೈತ್ರಿ.”

ತಮಾಷೆಗೆ ಹೇಳಿದಳೆಂದು ನಾನು ನಗಲು ಬಾಯಿ ತೆರೆದೆ. ಅವಳ ಮುಖದಲ್ಲಿ ತಮಾಷೆ ಇರಲಿಲ್ಲ. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ. ನನ್ನ ಬಾಯಿ ಮಾತಿಲ್ಲದೆ ಮುಚ್ಚಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಗಂಗಾಧರಪ್ಪನವರು ಚೊಂಬು ತೆಗೆದುಕೊಂಡು ತುಟಿ ಒದ್ದೆ ಮಾಡಿಕೊಂಡು ನೆಲಕ್ಕಿಟ್ಟರು.

ಆಮೇಲೆ ನಿಜವಾದ ಸೆಕೆ ಶುರುವಾಯಿತು. ಅವರು ಕಾಲ ಮೇಲೆ ಕಾಲು ಹಾಕಿದರು, ಇಳಿಸಿದರು, ಎದ್ದರು, ಕೂತರು. ಸರಳು ಹಿಡಿದು ನಿಂತರು. ಅಂಗೈಯಲ್ಲಿ ತುಕ್ಕಿನ ಗೆರೆ ಮೂಡಿತು. ನಾನು ನೋಡಿದೆ: ಕುರ್ಚಿಯ ಎದುರಿನ ಆ ಎರಡು ಸರಳುಗಳು ಮಾತ್ರ ಸವೆದು ನುಣುಪಾಗಿ ಹೊಳೆಯುತ್ತಿದ್ದವು. ದಿನವೂ ಒಂದು ಜೊತೆ ಕೈ ಅವನ್ನು ಹಿಡಿದುಕೊಂಡಿರಬೇಕು. ಅದನ್ನು ಗಂಗಾಧರಪ್ಪನವರೂ ನೋಡಿದರು. ತಮ್ಮ ಕೈ ತೆಗೆದು ಪಂಚೆಗೆ ಒರೆಸಿಕೊಂಡರು.

“ವಾಗೀಶ, ಇನ್ನೂ ಎಷ್ಟೊತ್ತೋ?”

“ನನ್ನ ಕೆಲಸ ಮುಗೀತ್ರಿ. ಕಂಪ್ಯೂಟರು ಆರಾಮ ಐತಿ. ಅದರ ಮನಿಯೊಳಗ ಗಾಳಿ ಆಡಾಕ ಹತ್ತೈತಿ.”

ಅವರು ಆ ಗಾಜಿನ ಮನೆಯನ್ನೇ ನೋಡಿದರು. ಒಳಗೆ ಮದರ್‌ಬೋರ್ಡು ಕೈಕಾಲು ಚಾಚಿ, ಸುತ್ತ ಮಾರುದ್ದ ಜಾಗ ಬಿಟ್ಟುಕೊಂಡು, ಜಮೀನ್ದಾರನಂತೆ ಮಲಗಿತ್ತು.

ಹೊತ್ತು ಇಳಿಯುವಾಗ ಕರೆಂಟು ಬಂತು. ಅದರ ಹಿಂದೆಯೇ ಅಂಜಿನಿಯೂ ಬಂದ. ಆ ಯೂನಿಟ್ಟಿನ ವೈರಿಂಗು ಎಷ್ಟು ಮುದಿಯೆಂದರೆ, ಅಂಜಿನಿಯ ಕಟಿಂಗ್ ಮಿಷನ್ನೂ ಕಂಪ್ಯೂಟರೂ ಒಟ್ಟಿಗೆ ಹಾಕಿದರೆ ಊರಿನ ಅರ್ಧ ದೀಪ ಆರುತ್ತದೆ. ಒಂದಾದ ಮೇಲೆ ಒಂದು ಹಾಕಬೇಕು. ಪ್ಲಗ್ಗಿನ ಹತ್ತಿರ ಚಂದ್ರಕಲಾ ನಿಂತಿದ್ದಳು.

“ಮೊದ್ಲು ಕಂಪ್ಯೂಟರು ನೋಡೋಣೇನ್ರಿ ಸಾವ್ಕಾರ್ರೆ? ಡಿಸೈನೆಲ್ಲಾ ಅದಾವೋ ಇಲ್ಲೋ. ಅದು ಮುಖ್ಯ ಅಲ್ಲೇನ್ರಿ?”

“ಡಿಸೈನು ಸುಟ್ಟು ಹೋಗ್ಲಿ! ಮೊದ್ಲು ಬಾಗ್ಲು, ನಮ್ಮವ್ವಾ, ಮೊದ್ಲು ಬಾಗ್ಲು!”

ಅಂಜಿನಿ ಕುಯ್ದ. ಬಾಗಿಲು ತೆರೆದದ್ದೇ ತಡ, ಗಂಗಾಧರಪ್ಪನವರು ಹಿತ್ತಲ ಕಡೆಗೆ ಹಾರಿದರು. ಬಳ್ಳಾರಿ ಪ್ಯಾಸೆಂಜರ್ ರೈಲು ಆ ವೇಗ ಕಂಡಿದ್ದರೆ ನಿಲ್ದಾಣದಲ್ಲೇ ಕೂತು ಅಳುತ್ತಿತ್ತು. ಅಂಜಿನಿ ಬಾಗಿಲಿನ ಅಂಚು ಉಜ್ಜಿ ನಯ ಮಾಡಿ, ಕುಯ್ಯುವಾಗ ಕಿತ್ತು ಬಂದಿದ್ದ ಬೀಗದ ಕೊಂಡಿ ಕೈಯಲ್ಲಿ ಹಿಡಿದು ಕಾದ. ಅವರು ಪಂಚೆ ಸರಿ ಮಾಡಿಕೊಳ್ಳುತ್ತಾ ವಾಪಸು ಬಂದರು.

“ಕೊಂಡಿ ಎಲ್ಲಿಗ್ ಹಾಕ್ಲಿ ಸಾಮಿ? ಮೊದ್ಲಿದ್ದಂಗೆ ಆಚೆ ಕಡೀಕಾ?”

ಗಂಗಾಧರಪ್ಪನವರು ಚಂದ್ರಕಲಾಳನ್ನು ನೋಡಿದರು. ಅವಳು ಈ ಸಲ ಏನೂ ಕೇಳಲಿಲ್ಲ. ಮಿಷನ್ನುಗಳ ಹತ್ತಿರವಿದ್ದ ಹೆಂಗಸರೂ ದಾರ ಪೋಣಿಸುವುದನ್ನು ಬಿಟ್ಟು ನೋಡುತ್ತಿದ್ದರು. ಗಂಗಾಧರಪ್ಪನವರ ಬಾಯಿ ‘ನೋಡಾಣ’ ಎನ್ನಲು ಗುಂಡಗಾಯಿತು. ಕಣ್ಣು ಆ ಎರಡು ನುಣುಪು ಸರಳುಗಳ ಮೇಲೆ ಬಿತ್ತು.

“ಕೊಂಡಿ ಒಗಿ ಅತ್ಲಾಗ,” ಎಂದರು. “ಒಳಗ ಒಂದು ಚಿಲಕ ಹಾಕು.”

“ಅದಕ್ಕೂ ಗಟ್ಟಿ ಟಾಕಾ ಹಾಕ್ಲಾ ಸಾಮಿ?”

“ಈ ಸಲ ಎಲ್ಲಿ ಹಾಕ್ತೀಯ ನೋಡ್ಕೊಂಡು ಹಾಕೋ, ಪುಣ್ಯಾತ್ಮಾ!”

ಚಿಲಕ ತಣ್ಣಗಾಗಲೆಂದು ಚಂದ್ರಕಲಾ ಅದರ ಮೇಲೆ ಚೊಂಬಿನ ನೀರು ಚಿಮುಕಿಸಿದಳು. ಉಳಿದದ್ದನ್ನು ಗಟಗಟ ಕುಡಿದಳು. ಕಂಪ್ಯೂಟರು ಹೇಗೆ ಎದ್ದಿತೆಂದು ಕೇಳಬೇಡಿ. ನಾಲ್ಕು ಫ್ಯಾನುಗಳು ತಿರುಗಿದ ಗಾಳಿಗೆ ಗೋಡೆಯ ಕ್ಯಾಲೆಂಡರು ಮುಂದಿನ ವರ್ಷಕ್ಕೆ ಹೋಯಿತು. ಕತ್ತಲಲ್ಲಿ ಒಂದು ಸಣ್ಣ ವೈರು ಪಕ್ಕದ ಪಿನ್ನಿಗೆ ಸೇರಿ, ಇವತ್ತಿಗೂ ಕಂಪ್ಯೂಟರು ರೀಸೆಟ್ ಬಟನ್ ಒತ್ತಿದರೆ ಮಾತ್ರ ಚಾಲೂ ಆಗುತ್ತದೆ. ಕಳ್ಳರಿಗೆ ಗೊತ್ತಾಗದಿರಲೆಂದು ನಾನು ಬೇಕೆಂದೇ ಮಾಡಿದ ಏರ್ಪಾಡು ಅದು.

ನಾನು ಸಾಮಾನು ಕಟ್ಟಿಕೊಂಡು ಹೊರಬಂದೆ. ಚಂದ್ರಕಲಾ ಒಳಗೆ ಹೋಗಿ ಕುರ್ಚಿ ಎಳೆದುಕೊಂಡಳು. ಆಮೇಲೆ ಏನೋ ನೆನಪಾದಂತೆ ಎದ್ದು ಬಂದು ಚಿಲಕ ಹಾಕಿದಳು. ತೆಗೆದಳು. ಮತ್ತೆ ಹಾಕಿದಳು.

ಗಂಗಾಧರಪ್ಪನವರಿಗೆ ನವಿಲುಗರಿ ನೆನಪಾಗಿರಬೇಕು. ಬಾಗಿಲವರೆಗೆ ಬಂದು ದೂಡಿದರು. ತೆರೆಯಲಿಲ್ಲ. ಬೆರಳ ಗೆಣ್ಣಿನಿಂದ ಸರಳಿನ ಮೇಲೆ ಟಣ್ ಎಂದು ಬಡಿದರು.

“ಅಮ್ಮಾ ಚಂದ್ರಕಲಾ... ಒಳಗ ಬರಲೇನಮ್ಮ?”

ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ.

“ನೋಡಾಣ್ರಿ ಸಾವ್ಕಾರ್ರೆ,” ಎಂದಳು.