ಏಳನೇ ಅಧ್ಯಾಯದ ಕ್ಷಮೆ

ಅಕ್ಕನಿಗೆ ಕನ್ನಡ ಓದಲು ಬರುವುದಿಲ್ಲ ಎಂಬ ಒಂದೇ ಧೈರ್ಯದ ಮೇಲೆ ಅವಧೂತ ಆ ಕಾದಂಬರಿ ಬರೆದಿದ್ದ. ಎಂಥ ಧೈರ್ಯ ನೋಡಿ! ಇವನು ಧಾರವಾಡದಲ್ಲಿ ಅಜ್ಜಿಯ ಹತ್ತಿರ ಇದ್ದು ಕನ್ನಡ ಶಾಲೆ ಕಲಿತ. ಪುಣೆಯಲ್ಲೇ ಬೆಳೆದ ಗೋದಾ ಮರಾಠಿ ಶಾಲೆ ಕಲಿತು, ಬೀಜಗಳ ಮೇಲೆ ಸಂಶೋಧನೆ ಮಾಡುವ ವಿಜ್ಞಾನಿಯಾದಳು. ಮನೆಮಾತು ಇಬ್ಬರದೂ ಕನ್ನಡವೇ, ಆದರೆ ತಮ್ಮ ಬರೆದದ್ದರಲ್ಲಿ ಒಂದಕ್ಷರವೂ ಅಕ್ಕನಿಗೆ ದಕ್ಕದು. ಪ್ರತಿ ಪುಸ್ತಕವನ್ನೂ ಹಿಂದುಮುಂದು ತಿರುಗಿಸಿ, "ಫೋಟೋ ಛಲೋ ಬಂದದ" ಎಂದು ಶೋಕೇಸಿನಲ್ಲಿಡುತ್ತಿದ್ದಳು.

ಹನ್ನೆರಡು ವರ್ಷದ ಹಿಂದೆ ಅವಳು ಇವನೊಬ್ಬನ ಮುಂದೆ ಅತ್ತಿದ್ದಳು. ಪ್ರಯೋಗಾಲಯದ ದೊಡ್ಡ ಫ್ರೀಜರಿನ ಪ್ಲಗ್ ಕಿತ್ತು ಬೇರೊಂದು ಯಂತ್ರಕ್ಕೆ ಹಾಕಿದವಳು ತಾನೇ, ಮತ್ತೆ ಹಚ್ಚಲು ಮರೆತವಳೂ ತಾನೇ. ಐದು ವರ್ಷದ ಮಾದರಿಗಳೆಲ್ಲ ಹಾಳಾದವು. ತಪ್ಪು ಕಸ ಗುಡಿಸುವ ಶರಣಮ್ಮನ ಮೇಲೆ ಬಂತು, ಅವಳ ಕೆಲಸ ಹೋಯಿತು, ಗೋದಾ ತುಟಿಪಿಟಕ್ಕೆನ್ನಲಿಲ್ಲ. "ಯಾರ ಮುಂದೂ ಹೇಳಬ್ಯಾಡೋ" ಎಂದಿದ್ದಳು. ಯಾರ ಮುಂದೂ ಹೇಳಲಿಲ್ಲ ಮಹಾರಾಯ. ಸಾವಿರ ಪ್ರತಿ ಅಚ್ಚು ಹಾಕಿಸಿದ, ಅಷ್ಟೇ.

ಹೆಸರು ಬದಲಿಸಿದ್ದ, ಒಂದಿಷ್ಟು ಸೇರಿಸಿಯೂ ಇದ್ದ. ಏಳನೇ ಅಧ್ಯಾಯದಲ್ಲಿ ವಿಜ್ಞಾನಿ ಹೋಗಿ ಕೆಲಸದಾಕೆಯ ಕಾಲು ಹಿಡಿಯುತ್ತಾಳೆ. ಅವಳು ಎಬ್ಬಿಸಿ, ಸೆರಗಿನಿಂದ ಕಣ್ಣೊರೆಸಿ, ಕ್ಷಮಿಸಿಬಿಡುತ್ತಾಳೆ. ಓದಿದವರೆಲ್ಲ ಕಣ್ಣೀರಾದರು, ಪ್ರಶಸ್ತಿಯೂ ಬಂತು. ಇವತ್ತು ಸಂಜೆ ಐದಕ್ಕೆ ಪುಣೆಯಲ್ಲೇ ಸಮಾರಂಭ. ಆ ಅಧ್ಯಾಯವನ್ನು ಲೇಖಕರೇ ಓದುತ್ತಾರೆಂದು ಆಮಂತ್ರಣದಲ್ಲಿ ಅಚ್ಚಾಗಿತ್ತು.

ಬೆಳಿಗ್ಗೆ ಪೇಡೆ ಹಿಡಿದುಕೊಂಡು ಧನಕವಡಿಯ ಅಕ್ಕನ ಮನೆಗೆ ಹೋದ. ಊಟದ ಟೇಬಲ್ಲಿನ ಮೇಲೆ ಎರಡು ಗೆರೆಯ ಕಾಪಿ ಪುಸ್ತಕವೊಂದು ಬಿದ್ದಿತ್ತು. ಪುಟದ ತುಂಬ ಅ, ಆ, ಇ, ಈ. ಪಕ್ಕದಲ್ಲಿ ಅವನ ಕಾದಂಬರಿ, ಸಾಲುಗಳ ಕೆಳಗೆಲ್ಲ ಪೆನ್ಸಿಲ್ ಗೆರೆ.

"ಮೊಬೈಲ್ ನೋಡಿ ಕಲತೆ," ಎಂದಳು ಗೋದಾ, ಚಹಾ ಇಡುತ್ತ. "ರಿಟೈರ್ ಆದಮ್ಯಾಲೆ ಮಾಡೂದರೆ ಏನದ? ತಮ್ಮ ಏನ್ ಬರೀತಾನ ಅಂತ ಒಮ್ಮೆರೆ ಓದಬೇಕು ಅನ್ನಿಸ್ತು. ಒತ್ತಕ್ಷರ ಭಾಳ ಕಾಡಿದ್ವು."

ಪ್ರೀತಿಯಿಂದ ಕಲಿತಿದ್ದಳು! ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವನಿಗೆ ಮುಖ ಎಲ್ಲಿಡಬೇಕೋ ತಿಳಿಯಲಿಲ್ಲ.

"ಅಕ್ಕಾ, ಅದು ಬರೇ ಕತಿ..."

"ಸುಮ್ನಿರು. ತಪ್ಪು ನಂದ ಅದ, ನಿನಗೇನ್ ಬೈಲಿ? ಎರಡು ದಿನ ಊಟ ಸೇರಲಿಲ್ಲ. ಆಮ್ಯಾಲೆ ನೀ ಬರದಂಗ ಮಾಡಿದೆ. ಪಿಂಪ್ರಿಯೊಳಗ ಶರಣಮ್ಮನ ಮನಿ ಹುಡುಕಿಕೊಂಡು ಹೋಗಿ ಕಾಲು ಹಿಡಿದೆ."

"ಅಕಿ ಏನಂದ್ಲು?"

"ಕಾಲು ಹಿಂದ ಎಳಕೊಂಡ್ಲು. ಸೆರಗು ಗಿರಗು ಏನೂ ಇಲ್ಲ. ನಿನ್ನ ಪುಸ್ತಕ ತಗದು ಆ ಅಧ್ಯಾಯ ಓದಿ ಹೇಳಿದೆ, ತಡವರಿಸಿಕೋತ, ಒಂದು ತಾಸು ಹಿಡೀತು. ಪೂರಾ ಕೇಳಿದ್ಲು. 'ನಾ ಯಾವಾಗ ಮಾಫಿ ಕೊಟ್ಟೀನ್ರೀ? ನಿಮ್ಮ ತಮ್ಮ ನನಗ ಬಂದು ಕೇಳ್ಯಾರೇನು?' ಅಂದ್ಲು."

ಅವಧೂತ ಪೇಡೆಯ ಪೆಟ್ಟಿಗೆಯ ದಾರ ಬಿಚ್ಚುತ್ತಿದ್ದವನು ಹಾಗೇ ಬಿಟ್ಟ. ಬರೆಯುವಾಗ ಎಷ್ಟು ಸಲೀಸಾಗಿ ಬಂದಿತ್ತು ಆ ಕ್ಷಮೆ! ಒಂದೇ ಬೈಠಕ್ಕಿನಲ್ಲಿ ಮುಗಿಸಿ, ತನ್ನ ಬರಹಕ್ಕೆ ತಾನೇ ಕಣ್ಣೊರೆಸಿಕೊಂಡಿದ್ದ. ಅದು ನೆನಪಾಗಿ ನಾಚಿಕೆಯಿಂದ ಮೈ ಹಿಡಿಯಾಯಿತು.

"ನಾಳೆ ನಮ್ಮ ಸಂಸ್ಥೆಗೆ ಪತ್ರ ಕೊಡ್ತೀನಿ," ಎಂದಳು ಗೋದಾ. "ಪ್ಲಗ್ ಕಿತ್ತಾಕಿ ನಾನ ಅಂತ ಸಹಿ ಮಾಡಿ. ನಗೂವರು ನಗಲಿ."

ಏನಾದರೂ ಹೇಳಬೇಕಿತ್ತು. ಅವನ ಬಾಯಿಂದ ಬಂದದ್ದು ಮಾತ್ರ, "ಅಕ್ಕಾ, ಇವತ್ತ ಐದಕ್ಕ ಸಮಾರಂಭ ಅದ." ಅಂದವನೇ ನಾಲಿಗೆ ಕಚ್ಚಿಕೊಂಡ. ಥೂ, ಎಂಥ ಜನ್ಮ ತನ್ನದು ಎಂದು ತನ್ನನ್ನೇ ಬೈದುಕೊಂಡ.

"ಗೊತ್ತದಲ್ಲ. ಬರ್ತೀವಿ."

"ಬರ್ತೀವಿ ಅಂದ್ರ?"

"ನಾನು, ಶರಣಮ್ಮ. ನಾನ ಕರದೇನಿ. ಮುಂದಿನ ಸಾಲಿನಾಗ ಕೂಡ್ತೀವಿ."

ಗೋದಾ ಪೆಟ್ಟಿಗೆ ಬಿಚ್ಚಿ, ಪೇಡೆಯೊಂದನ್ನು ಮುರಿದು, ಅರ್ಧವನ್ನು ಚಿಕ್ಕಂದಿನಲ್ಲಿ ರಜೆಗೆ ಬಂದಾಗಿನ ಹಾಗೇ ತಮ್ಮನ ಕೈಗೆ ಇಟ್ಟಳು.

"ಸ್ವಲ್ಪ ದೊಡ್ಡ ದನೀಲೆ ಓದಪಾ," ಎಂದಳು. "ಅಕಿಗೆ ಈಗ ಕಿವಿ ಮಂದ ಆಗ್ಯಾವ."